ಕರುಳಿನಲ್ಲಿ ವಿಷ ತಯಾರಿಸುವ ಬ್ಯಾಕ್ಟೀರಿಯಾ: ಇರುವುದು ಬೇರೆ, ಕೆರಳಿಸುವುದು ಬೇರೆ

(ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಮಾತನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಕೊನೆಗೆ ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

1935ರಲ್ಲಿ ಅಮೆರಿಕದಲ್ಲಿ ಹಾಲ್ ಮತ್ತು ಓಟೂಲ್ ಎಂಬ ಇಬ್ಬರು ಸಂಶೋಧಕರು ಆಗತಾನೇ ಹುಟ್ಟಿದ ಮಕ್ಕಳ ಮಲವನ್ನು ಪರೀಕ್ಷೆ ಮಾಡುತ್ತಿದ್ದರು. ಹುಟ್ಟಿದ ಮೊದಲ ದಿನಗಳಲ್ಲಿ ಕರುಳಿಗೆ ಯಾವ ಯಾವ ಬ್ಯಾಕ್ಟೀರಿಯಾ ಬಂದು ಸೇರುತ್ತವೆ ಎಂದು ನೋಡುವುದು ಅವರ ಉದ್ದೇಶ. ಅಲ್ಲಿ ಅವರಿಗೆ ಒಂದು ಹೊಸ ಬ್ಯಾಕ್ಟೀರಿಯಾ ಸಿಕ್ಕಿತು. ಅದು ತಯಾರಿಸುವ ವಿಷವನ್ನು ಪ್ರಯೋಗದ ಪ್ರಾಣಿಗಳಿಗೆ ಚುಚ್ಚಿದರೆ ಅವು ಸಾಯುತ್ತಿದ್ದವು. ಆದರೆ ಆ ಬ್ಯಾಕ್ಟೀರಿಯಾ ಸಿಕ್ಕಿದ್ದ ಮಕ್ಕಳು ಮಾತ್ರ ಆರೋಗ್ಯವಾಗಿದ್ದವು. ಹಾಲು ಕುಡಿದು, ನಿದ್ದೆ ಮಾಡಿ, ತೂಕ ಹೆಚ್ಚಿಸಿಕೊಳ್ಳುತ್ತಿದ್ದವು.

ಇವತ್ತು ಅದರ ಹೆಸರು ಕ್ಲಾಸ್ಟ್ರಿಡಿಯೋಯ್ಡಿಸ್ ಡಿಫಿಸಿಲ್. ಆಸ್ಪತ್ರೆಗಳಲ್ಲಿ ಚಿಕ್ಕದಾಗಿ ಸಿ. ಡಿಫ್ ಎನ್ನುತ್ತಾರೆ. ಆಂಟಿಬಯಾಟಿಕ್ ತೆಗೆದುಕೊಂಡ ಮೇಲೆ ಶುರುವಾಗುವ ತೀವ್ರ ಭೇದಿಗೆ, ದೊಡ್ಡ ಕರುಳಿನ ಉರಿಯೂತಕ್ಕೆ ಇದು ದೊಡ್ಡ ಕಾರಣ. ವಯಸ್ಸಾದವರ ಜೀವವನ್ನೂ ತೆಗೆಯುತ್ತದೆ. ಹಾಗಾದರೆ ಅದೇ ಬ್ಯಾಕ್ಟೀರಿಯಾ ಮಗುವಿನ ಹೊಟ್ಟೆಯಲ್ಲಿ ಸುಮ್ನೆ ಹೇಗೆ ಇತ್ತು? ಇವತ್ತಿನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ. ಒಳ್ಳೆಯ ಬ್ಯಾಕ್ಟೀರಿಯಾ, ಕೆಟ್ಟ ಬ್ಯಾಕ್ಟೀರಿಯಾ ಎಂದು ಎರಡು ಪಟ್ಟಿ ಮಾಡಿಟ್ಟುಕೊಂಡರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಬ್ಯಾಕ್ಟೀರಿಯಾ ಇದೆಯೋ ಇಲ್ಲವೋ ಎನ್ನುವುದಕ್ಕಿಂತ, ಅದು ವಿಷವನ್ನು ಯಾವಾಗ ತಯಾರಿಸುತ್ತದೆ, ಆ ವಿಷ ಯಾವ ಜೀವಕೋಶವನ್ನು ಮುಟ್ಟುತ್ತದೆ ಎನ್ನುವುದು ಮುಖ್ಯ. ಜಾಹೀರಾತುಗಳು ಇದನ್ನು ಹೇಳುವುದಿಲ್ಲ, ಬಿಡಿ.

ಮೊದಲು ಜಾಗದ ಪರಿಚಯ ಮಾಡಿಕೊಳ್ಳೋಣ. 2016ರಲ್ಲಿ ಬಂದ ಒಂದು ಲೆಕ್ಕಾಚಾರದ ಪ್ರಕಾರ ನಮ್ಮ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ. ನಮ್ಮದೇ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಈ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. ಎಲ್ಲ ಸೇರಿಸಿ ತೂಗಿದರೆ ಸುಮಾರು 200 ಗ್ರಾಂ. ಇಷ್ಟೊಂದು ಬ್ಯಾಕ್ಟೀರಿಯಾಕ್ಕೂ ನಮ್ಮ ರಕ್ತಕ್ಕೂ ನಡುವೆ ಇರುವ ಗೋಡೆ ಎಷ್ಟು ದಪ್ಪ ಗೊತ್ತಾ? ಒಂದೇ ಒಂದು ಸಾಲು ಜೀವಕೋಶ. ಅದೂ ಮೂರರಿಂದ ಐದು ದಿನಕ್ಕೊಮ್ಮೆ ಉದುರಿ ಹೊಸದಾಗುತ್ತಾ ಇರುತ್ತದೆ. ಪಕ್ಕಪಕ್ಕದ ಜೀವಕೋಶಗಳನ್ನು ಕೆಲವು ಪ್ರೋಟೀನುಗಳು ಹೊಲಿಗೆ ಹಾಕಿದ ಹಾಗೆ ಬಿಗಿಯಾಗಿ ಹಿಡಿದಿಟ್ಟಿರುತ್ತವೆ. ಈ ಹೊಲಿಗೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದನ್ನು ಬಿಚ್ಚುವವರು ಬರುತ್ತಾರೆ.

ಆ ಸಾಲಿನ ಮೇಲೆ ಲೋಳೆ ಇದೆ. ದೊಡ್ಡ ಕರುಳಿನಲ್ಲಿ ಈ ಲೋಳೆ ಎರಡು ಪದರ. ಹೊರಗಿನ ಪದರ ಸಡಿಲ, ಅಲ್ಲಿ ಬ್ಯಾಕ್ಟೀರಿಯಾ ವಾಸ ಮಾಡುತ್ತವೆ. ಒಳಗಿನ ಪದರ ದಟ್ಟ, ಅದರೊಳಗೆ ಬ್ಯಾಕ್ಟೀರಿಯಾ ಇಲ್ಲ ಎನ್ನುವಷ್ಟು ಕಡಿಮೆ. ಇದು ಸ್ಪಷ್ಟವಾಗಿ ಗೊತ್ತಾಗಿದ್ದು 2008ರಲ್ಲಿ, ಅಂದರೆ ಮೊನ್ನೆ ಮೊನ್ನೆ. ಅದಕ್ಕೂ ಮೊದಲು ಪರೀಕ್ಷೆಗೆ ಕರುಳಿನ ತುಂಡನ್ನು ತಯಾರು ಮಾಡುವಾಗಲೇ ಲೋಳೆ ಕುಗ್ಗಿಹೋಗುತ್ತಿತ್ತು. ಹಾಗಾಗಿ ಬ್ಯಾಕ್ಟೀರಿಯಾ ನೇರವಾಗಿ ಗೋಡೆಗೆ ತಾಗಿಕೊಂಡೇ ಇರುತ್ತವೆ ಅಂತ ಬಹಳ ಜನ ಅಂದುಕೊಂಡಿದ್ದರು. ನಿಜ ಏನೆಂದರೆ, ಆರೋಗ್ಯವಂತರ ಕರುಳಿನಲ್ಲಿ ಇಬ್ಬರ ನಡುವೆ ಅಂತರ ಇದೆ. ವಿಷ ತಯಾರಿಸುವವನೂ ಆ ಅಂತರದ ಆಚೆಯೇ ಇದ್ದರೆ ಎಷ್ಟೋ ಸಲ ಏನೂ ಆಗುವುದಿಲ್ಲ.

ಇನ್ನು ವಿಷದ ವಿಚಾರ. ಬ್ಯಾಕ್ಟೀರಿಯಾದ ಮೈಯ ಭಾಗವೇ ಆಗಿರುವ ವಿಷ ಒಂದು ಬಗೆ. ಅದಕ್ಕೆ ಎಂಡೋಟಾಕ್ಸಿನ್ ಎನ್ನುತ್ತಾರೆ. ಕರುಳಿನಲ್ಲಿ ಅದು ಯಾವಾಗಲೂ ಧಾರಾಳವಾಗಿ ಇರುತ್ತದೆ, ಕರುಳು ಅದಕ್ಕೆ ಒಗ್ಗಿಕೊಂಡಿದೆ. ಇವತ್ತು ಅದನ್ನು ಬದಿಗಿಡೋಣ. ನಾನು ಮಾತಾಡುತ್ತಿರುವುದು ಬ್ಯಾಕ್ಟೀರಿಯಾ ತಯಾರಿಸಿ ಹೊರಗೆ ಬಿಡುವ ವಿಷದ ಬಗ್ಗೆ. ಇವು ಹೆಚ್ಚಾಗಿ ಪ್ರೋಟೀನುಗಳು. ಒಂದೊಂದಕ್ಕೂ ನಮ್ಮ ಜೀವಕೋಶದಲ್ಲಿ ಒಂದೊಂದು ಗುರಿ ಇದೆ.

ವಿಷ ಎಂದ ಕೂಡಲೇ ಉರಿಯೂತ ಆಗಲೇಬೇಕು ಎಂದೇನೂ ಇಲ್ಲ. ಕಾಲರಾ ಇದಕ್ಕೆ ಒಳ್ಳೆಯ ಉದಾಹರಣೆ. 1880ರ ದಶಕದಲ್ಲಿ ರಾಬರ್ಟ್ ಕಾಕ್ ಕಾಲರಾ ಬ್ಯಾಕ್ಟೀರಿಯಾವನ್ನು ಗುರುತಿಸಿದರು. ಆದರೆ ಅದು ಮನುಷ್ಯನನ್ನು ಹೇಗೆ ಕೊಲ್ಲುತ್ತದೆ ಎನ್ನುವುದು ಇನ್ನೂ ಮುಕ್ಕಾಲು ಶತಮಾನ ಸ್ಪಷ್ಟವಾಗಲಿಲ್ಲ. ಕಲ್ಕತ್ತೆಯ ಶಂಭುನಾಥ್ ಡೇ ಅವರು ಮೊಲದ ಕರುಳಿನ ಒಂದು ತುಣುಕಿನ ಎರಡೂ ತುದಿ ಕಟ್ಟಿ, ಅದರೊಳಗೆ ಬ್ಯಾಕ್ಟೀರಿಯಾವನ್ನು ಬಿಟ್ಟು ನೋಡಿದರು. ಕರುಳು ನೀರು ತುಂಬಿಕೊಂಡು ಉಬ್ಬಿತು. 1959ರಲ್ಲಿ ಅವರು ಬ್ಯಾಕ್ಟೀರಿಯಾವನ್ನು ಸೋಸಿ ತೆಗೆದ ಬರೀ ದ್ರವದಿಂದಲೂ ಹೀಗೇ ಆಗುತ್ತದೆ ಎಂದು ತೋರಿಸಿದರು. ಅಂದರೆ ಕೆಲಸ ಮಾಡುತ್ತಿರುವುದು ವಿಷ. ಕಾಲರಾ ವಿಷ ಜೀವಕೋಶದ ಒಳಗಿನ ಒಂದು ಸಂಕೇತವನ್ನು ಸದಾ ಚಾಲೂ ಸ್ಥಿತಿಯಲ್ಲಿ ನಿಲ್ಲಿಸಿಬಿಡುತ್ತದೆ. ಲವಣ ಹೊರಗೆ ಹರಿಯುತ್ತದೆ, ಅದರ ಹಿಂದೆ ನೀರು. ಲೀಟರುಗಟ್ಟಲೆ ಹೋಗುತ್ತದೆ. ಆದರೆ ಆ ಕರುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೀವಕೋಶದ ಸಾಲು ಹೆಚ್ಚುಕಡಿಮೆ ಸರಿಯಾಗೇ ಇರುತ್ತದೆ. ರಕ್ತ ಇಲ್ಲ, ಕೀವು ಇಲ್ಲ, ದೊಡ್ಡ ಉರಿಯೂತವೂ ಇಲ್ಲ.

ಸಿ. ಡಿಫ್ ವಿಷಯ ಹಾಗಲ್ಲ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ, ಯಾಕೆಂದರೆ ಕರುಳಿನ ವಿಷಗಳಲ್ಲಿ ನಮಗೆ ಅತ್ಯಂತ ಚೆನ್ನಾಗಿ ಅರ್ಥವಾಗಿರುವುದು ಇದೇ.

ಹಾಲ್ ಮತ್ತು ಓಟೂಲ್ ನಂತರ ಸುಮಾರು ನಾಲ್ಕು ದಶಕ ಈ ಬ್ಯಾಕ್ಟೀರಿಯಾವನ್ನು ಯಾರೂ ಅಷ್ಟಾಗಿ ಕೇಳಲಿಲ್ಲ. 1970ರ ದಶಕದಲ್ಲಿ ಕ್ಲಿಂಡಾಮೈಸಿನ್ ಎಂಬ ಆಂಟಿಬಯಾಟಿಕ್ ಜೋರಾಗಿ ಬಳಕೆಗೆ ಬಂತು. 1974ರಲ್ಲಿ ಅದನ್ನು ತೆಗೆದುಕೊಂಡ 200 ರೋಗಿಗಳನ್ನು ಗಮನಿಸಿದಾಗ 21 ಶೇಕಡಾ ಜನರಿಗೆ ಭೇದಿ ಶುರುವಾಗಿತ್ತು. 10 ಶೇಕಡಾ ಜನರ ದೊಡ್ಡ ಕರುಳಿನ ಒಳಮೈ ಮೇಲೆ ಹಳದಿ ಬಣ್ಣದ ಪೊರೆಯಂಥ ಮಚ್ಚೆಗಳು ಕಂಡವು. ಮೊದಲು ಎಲ್ಲರೂ ದೂರಿದ್ದು ಔಷಧಿಯನ್ನೇ. ಆಮೇಲೆ ಹ್ಯಾಮ್‌ಸ್ಟರ್‌ಗಳಿಗೆ ಅದೇ ಔಷಧಿ ಕೊಟ್ಟಾಗ ಅವೂ ಕರುಳಿನ ಉರಿಯೂತದಿಂದ ಸತ್ತವು. ಅವುಗಳ ಮಲದ ದ್ರವವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಹಾಕಿದರೆ ಅವು ದುಂಡಗಾಗಿ ಕಿತ್ತು ಬರುತ್ತಿದ್ದವು. ಇದೊಂದು ವಿಷ ಎನ್ನುವುದು ಖಚಿತವಾಯಿತು. ಬೇರೊಂದು ಬ್ಯಾಕ್ಟೀರಿಯಾಕ್ಕೆ, ಕ್ಲಾಸ್ಟ್ರಿಡಿಯಂ ಸೋರ್ಡೆಲ್ಲಿ ಎನ್ನುವುದಕ್ಕೆ, ತಯಾರಿಸಿದ ಪ್ರತಿವಿಷ ಈ ವಿಷವನ್ನು ತಡೆಯುತ್ತಿತ್ತು. ಹಾಗಾಗಿ ಸ್ವಲ್ಪ ಕಾಲ ತಪ್ಪು ಆರೋಪಿಯ ಹಿಂದೆ ಓಡಿದ್ದೂ ಆಯಿತು. ಎರಡೂ ವಿಷಗಳು ಅಷ್ಟು ಹತ್ತಿರದ ಸಂಬಂಧಿಗಳು. 1978ರಲ್ಲಿ ಜಾನ್ ಬಾರ್ಟ್‌ಲೆಟ್ ಮತ್ತು ಸಂಗಡಿಗರು ನಿಜವಾದ ಕಾರಣ ಸಿ. ಡಿಫ್ ಎಂದು ತೋರಿಸಿದರು.

ಇದು ಮುಖ್ಯವಾಗಿ ಎರಡು ವಿಷ ತಯಾರಿಸುತ್ತದೆ, ಟಾಕ್ಸಿನ್ ಎ ಮತ್ತು ಟಾಕ್ಸಿನ್ ಬಿ. ಎರಡೂ ಪ್ರೋಟೀನುಗಳ ಲೆಕ್ಕದಲ್ಲಿ ದೈತ್ಯರು. ಜೀವಕೋಶದ ಮೇಲ್ಮೈಗೆ ಅಂಟಿಕೊಂಡ ವಿಷವನ್ನು ಜೀವಕೋಶವೇ ಒಂದು ಚಿಕ್ಕ ಗುಳ್ಳೆಯಲ್ಲಿ ಒಳಗೆಳೆದುಕೊಳ್ಳುತ್ತದೆ. ಗುಳ್ಳೆಯೊಳಗೆ ಆಮ್ಲ ಹೆಚ್ಚಾದ ಕೂಡಲೇ ವಿಷ ಆಕಾರ ಬದಲಿಸಿ ಗುಳ್ಳೆಯ ಗೋಡೆಗೆ ತೂತು ಕೊರೆಯುತ್ತದೆ. ವಿಷದ ಕೆಲಸಗಾರ ತುದಿ ಆ ತೂತಿನಿಂದ ಹೊರಗೆ ಇಣುಕುತ್ತದೆ. ಅದನ್ನು ಮೂಲ ವಿಷದಿಂದ ತುಂಡರಿಸಿ ಬಿಡುಗಡೆ ಮಾಡಲು ಒಂದು ಸಣ್ಣ ರಾಸಾಯನಿಕ ಬೇಕು. ಅದು ನಮ್ಮ ಜೀವಕೋಶದಲ್ಲೇ ಯಾವಾಗಲೂ ಇರುವಂಥದ್ದು. ಅಂದರೆ ಹೊರಗೆ ಇರುವಾಗ ಸುಮ್ಮನಿರುವ ವಿಷ, ಒಳಗೆ ಬಂದ ಮೇಲೆ ನಮ್ಮದೇ ಸಾಮಾನು ಬಳಸಿಕೊಂಡು ಎಚ್ಚರಗೊಳ್ಳುತ್ತದೆ. ವಿಕಾಸದ ಈ ಜಾಣತನ ನೋಡಿದರೆ ನನಗೆ ಸಿಟ್ಟಿಗಿಂತ ಬೆರಗೇ ಜಾಸ್ತಿ.

ಬಿಡುಗಡೆಯಾದ ತುಂಡು ಏನು ಮಾಡುತ್ತದೆ? ಜೀವಕೋಶಕ್ಕೆ ಆಕಾರ ಕೊಡುವ ಎಳೆಗಳ ಒಂದು ಚೌಕಟ್ಟು ಇದೆ. ಅದನ್ನು ನಿಭಾಯಿಸುವ ರೋ ಎಂಬ ಗುಂಪಿನ ಪ್ರೋಟೀನುಗಳ ಮೇಲೆ ಈ ತುಂಡು ಒಂದು ಗ್ಲೂಕೋಸ್ ಅಣುವನ್ನು ಅಂಟಿಸುತ್ತದೆ. ಅಷ್ಟೇ. ಒಂದು ಸಕ್ಕರೆ ಅಣು. ಅಷ್ಟರಿಂದಲೇ ಚೌಕಟ್ಟು ಕುಸಿಯುತ್ತದೆ, ಜೀವಕೋಶ ದುಂಡಗಾಗುತ್ತದೆ, ಪಕ್ಕದ ಜೀವಕೋಶದ ಜೊತೆಗಿನ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಟಾಕ್ಸಿನ್ ಬಿ ಅಂಟಿಕೊಳ್ಳುವ ಗುರಿಗಳಲ್ಲಿ ಫ್ರಿಜಲ್ಡ್ ಎಂಬ ಪ್ರೋಟೀನೂ ಒಂದು ಎಂದು 2016ರಲ್ಲಿ ಗೊತ್ತಾಯಿತು. ಕರುಳಿನ ಸಾಲು ಮತ್ತೆ ಮತ್ತೆ ಹೊಸದಾಗಲು ಬೇಕಾದ ಮೂಲ ಜೀವಕೋಶಗಳಿಗೆ ಈ ಪ್ರೋಟೀನೇ ಆಧಾರ. ಗೋಡೆಯನ್ನೂ ಕೆಡವಿ, ರಿಪೇರಿಯವರನ್ನೂ ತಡೆದ ಹಾಗಾಯಿತು.

ಇಲ್ಲಿಯವರೆಗೆ ನಾನು ಉರಿಯೂತದ ಮಾತೇ ಎತ್ತಿಲ್ಲ, ಗಮನಿಸಿದಿರಾ? ಉರಿಯೂತ ಮಾಡುವುದು ನಾವು. ಹಾನಿಯಾದ ಜೀವಕೋಶಗಳು ಇಂಟರ್‌ಲ್ಯೂಕಿನ್ 8ರಂಥ ಸಂಕೇತಗಳನ್ನು ಬಿಡುತ್ತವೆ. ನಮ್ಮ ರೋಗನಿರೋಧಕ ಕಣಗಳಲ್ಲಿ ಪೈರಿನ್ ಎಂಬ ಪ್ರೋಟೀನ್ ಇದೆ. ರೋ ಪ್ರೋಟೀನುಗಳನ್ನು ಯಾರಾದರೂ ಕೆಡಿಸಿದರೆ ಅದು ಕೂಗು ಹಾಕುತ್ತದೆ. ಆ ಕರೆ ಕೇಳಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಹಿಂಡುಹಿಂಡಾಗಿ ನುಗ್ಗುತ್ತವೆ. ಆಗಲೇ ಹೇಳಿದ ಆ ಹಳದಿ ಮಚ್ಚೆಗಳು ಇವೆಯಲ್ಲ, ಅವು ಬ್ಯಾಕ್ಟೀರಿಯಾದ ಗುಂಪಲ್ಲ. ಸತ್ತ ಬಿಳಿ ರಕ್ತಕಣ, ಲೋಳೆ, ಉದುರಿದ ಜೀವಕೋಶ ಮತ್ತು ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನ್ ಎಂಬ ಪ್ರೋಟೀನು ಸೇರಿ ಆದ ಪೊರೆ. ಕಿಡಿ ಹಚ್ಚಿದ್ದು ಬ್ಯಾಕ್ಟೀರಿಯಾ ಇರಬಹುದು, ಆದರೆ ನಷ್ಟದ ದೊಡ್ಡ ಪಾಲು ನಮ್ಮದೇ ಪಡೆಯಿಂದ ಆದದ್ದು.

ಇದರಿಂದ ಬ್ಯಾಕ್ಟೀರಿಯಾಕ್ಕೆ ಏನು ಲಾಭ? ಬಹಳ ಕಾಲ ಈ ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳಿರಲಿಲ್ಲ. ನಮ್ಮನ್ನು ಕೊಲ್ಲುವುದು ಅದರ ಗುರಿಯಲ್ಲ, ಸತ್ತ ಕರುಳಿನಿಂದ ಅದಕ್ಕೇನೂ ಸಿಗುವುದಿಲ್ಲ. ಒಂದು ಸುಳಿವು ಇದೆ. ಸುತ್ತ ಗ್ಲೂಕೋಸ್ ಮತ್ತು ಕೆಲವು ಅಮೈನೋ ಆಮ್ಲಗಳು ಧಾರಾಳವಾಗಿದ್ದಾಗ ಸಿ. ಡಿಫ್ ವಿಷದ ಜೀನುಗಳನ್ನು ಮುಚ್ಚಿಡುತ್ತದೆ. ಆಹಾರ ಕಡಿಮೆಯಾದಾಗ ತೆರೆಯುತ್ತದೆ. 2021ರಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನಗಳು ಚಿತ್ರವನ್ನು ಇನ್ನಷ್ಟು ಸ್ಪಷ್ಟ ಮಾಡಿದವು. ವಿಷದಿಂದ ಉರಿಯೂತ ಆದಾಗ ಕರುಳಿನ ಗೋಡೆಯ ಕೊಲಾಜೆನ್ ಒಡೆದು, ಅದರ ಚೂರುಗಳು ಬ್ಯಾಕ್ಟೀರಿಯಾಕ್ಕೆ ಊಟವಾಗುತ್ತವೆ. ಉರಿಯೂತದ ಜಾಗದಲ್ಲಿ ನಮ್ಮ ಜೀವಕೋಶಗಳು ತಯಾರಿಸುವ ಸಾರ್ಬಿಟಾಲ್ ಎಂಬ ಸಕ್ಕರೆ ಜಾತಿಯ ವಸ್ತುವನ್ನೂ ಅದು ಬಳಸಿಕೊಳ್ಳುತ್ತದೆ. ಅಂದರೆ ಹಸಿದ ಬ್ಯಾಕ್ಟೀರಿಯಾ ನಮ್ಮನ್ನು ಕೆರಳಿಸಿ, ಆ ಗಲಾಟೆಯಲ್ಲಿ ಊಟ ಹುಡುಕಿಕೊಳ್ಳುತ್ತದೆ.

ಆಂಟಿಬಯಾಟಿಕ್ ಇಲ್ಲಿ ಹೇಗೆ ಬಂತು? ಲಿವರ್ ತಯಾರಿಸುವ ಪಿತ್ತದ ಆಮ್ಲಗಳು ಸಣ್ಣ ಕರುಳಿಗೆ ಇಳಿಯುತ್ತವೆ. ಸಿ. ಡಿಫ್‌ನ ಬೀಜಕಣಗಳು, ಅಂದರೆ ಗಟ್ಟಿ ಕವಚದೊಳಗೆ ಮಲಗಿರುವ ರೂಪಗಳು, ಮೊಳೆಯಲು ಅವು ಕುಮ್ಮಕ್ಕು ಕೊಡುತ್ತವೆ. ಆದರೆ ದೊಡ್ಡ ಕರುಳಿನಲ್ಲಿ ಕೆಲವು ಬ್ಯಾಕ್ಟೀರಿಯಾ, ಮುಖ್ಯವಾಗಿ ಕ್ಲಾಸ್ಟ್ರಿಡಿಯಂ ಸಿಂಡೆನ್ಸ್‌ನಂಥವು, ಆ ಆಮ್ಲಗಳನ್ನು ಬೇರೆ ರೂಪಕ್ಕೆ ತಿರುಗಿಸುತ್ತವೆ. ಆ ಹೊಸ ರೂಪ ಸಿ. ಡಿಫ್ ಬೆಳೆಯದಂತೆ ತಡೆಯುತ್ತದೆ. ಆಂಟಿಬಯಾಟಿಕ್ ಈ ಮಧ್ಯವರ್ತಿಗಳನ್ನೇ ಕೊಂದರೆ ಮೊಳೆಯಲು ಕುಮ್ಮಕ್ಕು ಉಳಿಯುತ್ತದೆ, ತಡೆ ಹೋಗುತ್ತದೆ. ಜೊತೆಗೆ ಊಟಕ್ಕೆ ಪೈಪೋಟಿ ಮಾಡುವವರೂ ಇರುವುದಿಲ್ಲ.

ಎಳೆಯ ಮಕ್ಕಳ ವಿಷಯಕ್ಕೆ ಬಂದರೆ, ಮೊಲದ ಮರಿಗಳಲ್ಲಿ ಟಾಕ್ಸಿನ್ ಎ ಅಂಟಿಕೊಳ್ಳಲು ಬೇಕಾದ ಗುರುತುಗಳು ಹುಟ್ಟುವಾಗ ಇರುವುದಿಲ್ಲ, ಬೆಳೆದ ಹಾಗೆ ಬರುತ್ತವೆ. ಶಿಶುಗಳಲ್ಲೂ ಇಂಥದ್ದೇ ಕಾರಣ ಇರಬಹುದು ಎನ್ನುವುದು ಒಂದು ವಾದ. ತಾಯಿಯ ಹಾಲಿನ ಪ್ರತಿಕಾಯಗಳೂ ಸಹಾಯ ಮಾಡುತ್ತಿರಬಹುದು. ವಿಷ ಇದೆ, ಆದರೆ ಅದು ಕೂರುವುದಕ್ಕೆ ಜಾಗ ಇಲ್ಲ. ಒಂದು ವರ್ಷದೊಳಗಿನ ಮಗುವಿಗೆ ಭೇದಿ ಆದರೆ ವೈದ್ಯರು ಸಾಮಾನ್ಯವಾಗಿ ಸಿ. ಡಿಫ್ ಪರೀಕ್ಷೆಗೆ ಕಳಿಸದೇ ಇರುವುದು ಇದಕ್ಕೇ. ಕಳಿಸಿದರೆ ಸಿಗುವ ಸಾಧ್ಯತೆ ಇದೆ, ಸಿಕ್ಕರೂ ಅದೇ ಕಾರಣ ಎನ್ನಲಾಗದು.

ದೊಡ್ಡವರಲ್ಲೂ ಇದೇ ತಕರಾರು. ಪಿಸಿಆರ್ ಪರೀಕ್ಷೆ ವಿಷದ ಜೀನ್ ಇದೆಯೇ ಎಂದು ನೋಡುತ್ತದೆ. ವಿಷ ತಯಾರಾಗಿದೆಯೇ ಎಂದು ನೋಡುವುದಿಲ್ಲ. ಜೀನ್ ಇದ್ದು, ವಿಷ ಸಿಗದ ಎಷ್ಟೋ ರೋಗಿಗಳು ಚಿಕಿತ್ಸೆ ಇಲ್ಲದೆಯೇ ಸುಧಾರಿಸಿಕೊಳ್ಳುತ್ತಾರೆ ಎಂದು 2015ರ ಒಂದು ಅಧ್ಯಯನ ತೋರಿಸಿತು. ಹಾಗಾಗಿ ಈಗ ಬಹಳ ಕಡೆ ಎರಡು ಹಂತದ ಪರೀಕ್ಷೆ ಮಾಡುತ್ತಾರೆ. ಗಟ್ಟಿಯಾದ ಮಲವನ್ನು ಪರೀಕ್ಷೆಗೆ ತೆಗೆದುಕೊಳ್ಳುವುದೇ ಇಲ್ಲ.

ಚಿಕಿತ್ಸೆಯ ಕಥೆ ಇನ್ನೂ ರೋಚಕ. 1958ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಬೆನ್ ಐಸ್‌ಮನ್ ಮತ್ತು ಸಂಗಡಿಗರು ತೀವ್ರ ಕರುಳಿನ ಉರಿಯೂತ ಆಗಿದ್ದ ನಾಲ್ವರಿಗೆ ಆರೋಗ್ಯವಂತರ ಮಲದ ಎನಿಮಾ ಕೊಟ್ಟರು. ನಾಲ್ವರೂ ಚೇತರಿಸಿಕೊಂಡರು. ಮುಖ ಸಿಂಡರಿಸಬೇಡಿ! 2013ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಇದನ್ನು ಸರಿಯಾದ ರೀತಿಯಲ್ಲಿ ಪರೀಕ್ಷಿಸಿದರು. ಮತ್ತೆ ಮತ್ತೆ ಸಿ. ಡಿಫ್ ಕಾಡುತ್ತಿದ್ದ 16 ಜನರಿಗೆ ಮಲದ ದ್ರಾವಣವನ್ನು ಕೊಳವೆಯ ಮೂಲಕ ಸಣ್ಣ ಕರುಳಿಗೆ ಬಿಟ್ಟರು. ಒಂದೇ ಸಲಕ್ಕೆ 13 ಜನ ಗುಣವಾದರು. ಉಳಿದ ಮೂವರಲ್ಲಿ ಇಬ್ಬರು ಎರಡನೇ ಸಲಕ್ಕೆ ಗುಣವಾದರು. ಬರೀ ವ್ಯಾಂಕೋಮೈಸಿನ್ ಎಂಬ ಆಂಟಿಬಯಾಟಿಕ್ ತೆಗೆದುಕೊಂಡ 13 ಜನರಲ್ಲಿ ಗುಣವಾದವರು ನಾಲ್ಕೇ ಜನ. ವ್ಯತ್ಯಾಸ ಎಷ್ಟಿತ್ತೆಂದರೆ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಇದನ್ನು ಮನೆಯಲ್ಲಿ ಮಾಡಿಕೊಳ್ಳುವ ಹುಚ್ಚು ಸಾಹಸ ಮಾತ್ರ ಯಾರೂ ಮಾಡಬಾರದು. 2019ರಲ್ಲಿ ಅಮೆರಿಕದಲ್ಲಿ ಆಸ್ಪತ್ರೆಯ ಮೂಲಕವೇ ನಡೆದ ಇಂಥ ಮಲದ ಕಸಿಯಲ್ಲಿ ಔಷಧಿಗೆ ಬಗ್ಗದ ಇ. ಕೋಲೈ ಎಂಬ ಬ್ಯಾಕ್ಟೀರಿಯಾ ದಾಟಿಬಂದು ಒಬ್ಬ ರೋಗಿ ತೀರಿಕೊಂಡರು. ಆಮೇಲೆ ದಾನಿಗಳ ಪರೀಕ್ಷೆ ಬಿಗಿಯಾಯಿತು. 2022 ಮತ್ತು 2023ರಲ್ಲಿ ಅಲ್ಲಿ ಇಂಥ ಎರಡು ಉತ್ಪನ್ನಗಳಿಗೆ ಔಷಧಿಯಾಗಿ ಒಪ್ಪಿಗೆಯೂ ಸಿಕ್ಕಿದೆ.

ಸಿ. ಡಿಫ್ ಇಲ್ಲಿಗೆ ಸಾಕು. ಬ್ಯಾಕ್ಟೀರಾಯ್ಡಿಸ್ ಫ್ರಜಿಲಿಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಕಡೆ ಬರೋಣ. ಇದು ಹೊರಗಿನಿಂದ ಬಂದ ಸೋಂಕಲ್ಲ, ನಮ್ಮ ನಿಮ್ಮಲ್ಲಿ ಬಹಳ ಜನರ ಕರುಳಿನ ಕಾಯಂ ನಿವಾಸಿ. ಇದರ ಹೆಚ್ಚಿನ ತಳಿಗಳು ಸಾಧು. ಒಂದು ತಳಿಯ ಮೈಮೇಲಿನ ಸಕ್ಕರೆ ಸರಪಳಿ, ಪಾಲಿಸ್ಯಾಕರೈಡ್ ಎ, ಇಲಿಗಳಲ್ಲಿ ಕರುಳಿನ ಉರಿಯೂತವನ್ನು ತಡೆಯುತ್ತದೆ ಎಂದು 2008ರಲ್ಲಿ ತೋರಿಸಿದರು. ಅದು ರೋಗನಿರೋಧಕ ವ್ಯವಸ್ಥೆಗೆ ಸಮಾಧಾನ ಹೇಳುವ ಕಣಗಳನ್ನು ಹೆಚ್ಚಿಸುತ್ತದೆ.

ಅದೇ ಜಾತಿಯ ಇನ್ನೊಂದು ತಳಿಗುಂಪು 1984ರಲ್ಲಿ ಭೇದಿಯಿಂದ ನರಳುತ್ತಿದ್ದ ಕುರಿಮರಿಗಳಲ್ಲಿ ಸಿಕ್ಕಿತ್ತು. ಅದು ಫ್ರಜಿಲೈಸಿನ್ ಎಂಬ ವಿಷ ಬಿಡುತ್ತದೆ. ಈ ವಿಷ ಜೀವಕೋಶದ ಒಳಗೆ ಹೋಗುವ ಗೋಜಿಗೇ ಹೋಗುವುದಿಲ್ಲ. ಜೀವಕೋಶಗಳನ್ನು ಹಿಡಿದಿಟ್ಟಿರುವ ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನು ಕತ್ತರಿಸಿಹೋಗುವಂತೆ ಮಾಡುತ್ತದೆ. ಹೊಲಿಗೆ ಬಿಡುತ್ತದೆ. ಅಷ್ಟೇ ಆಗಿದ್ದರೆ ಭೇದಿಯಲ್ಲಿ ಮುಗಿಯುತ್ತಿತ್ತು. ಆದರೆ ಇ-ಕ್ಯಾಡ್ಹೆರಿನ್ ಹಿಡಿದಿಟ್ಟುಕೊಂಡಿದ್ದ ಬೀಟಾ ಕ್ಯಾಟೆನಿನ್ ಎಂಬ ಇನ್ನೊಂದು ಪ್ರೋಟೀನು ಬಿಡುಗಡೆಯಾಗಿ ಜೀವಕೋಶದ ಕೇಂದ್ರಕ್ಕೆ ಹೋಗಿ ಬೆಳೆಯಲು ಅಪ್ಪಣೆ ಕೊಡುತ್ತದೆ. 2009ರಲ್ಲಿ ಗಡ್ಡೆ ಬರುವ ಗುಣ ಇರುವ ಇಲಿಗಳಲ್ಲಿ ಈ ತಳಿಯನ್ನು ಬಿಟ್ಟಾಗ ಇಂಟರ್‌ಲ್ಯೂಕಿನ್ 17 ಎಂಬ ಸಂಕೇತದ ಉರಿಯೂತ ಎದ್ದಿತು, ದೊಡ್ಡ ಕರುಳಿನಲ್ಲಿ ಗಡ್ಡೆಗಳು ಹೆಚ್ಚಿದವು. ಆ ಸಂಕೇತವನ್ನು ಪ್ರತಿಕಾಯದಿಂದ ತಡೆದಾಗ ಗಡ್ಡೆಗಳು ಕಡಿಮೆಯಾದವು.

ಈ ವಿಷದ ತಳಿ ಆರೋಗ್ಯವಂತರಲ್ಲೂ ಸಿಗುತ್ತದೆ, ವರ್ಷಗಟ್ಟಲೆ ಏನೂ ಮಾಡದೆ ಇರಬಲ್ಲದು. ಮಲದ ಸಾಮಾನ್ಯ ಜೀನ್ ಪರೀಕ್ಷೆಯ ವರದಿಯಲ್ಲಿ ಬ್ಯಾಕ್ಟೀರಾಯ್ಡಿಸ್ ಎಂದಷ್ಟೇ ಬರುತ್ತದೆ. ಸಾಧುವೋ ಪುಂಡನೋ ಅದರಿಂದ ಗೊತ್ತಾಗುವುದಿಲ್ಲ.

ಇ. ಕೋಲೈ ಕಥೆಯಲ್ಲಿ ವ್ಯಂಗ್ಯ ಇನ್ನೂ ಜಾಸ್ತಿ. ಕೆಲವು ಇ. ಕೋಲೈ ತಳಿಗಳಲ್ಲಿ ಪಿಕೆಎಸ್ ಎಂಬ ಜೀನುಗಳ ಒಂದು ಗುಂಪು ಇದೆ. ಅದು ಕೊಲಿಬ್ಯಾಕ್ಟಿನ್ ಎಂಬ ವಿಷವನ್ನು ತಯಾರಿಸುತ್ತದೆ. ಇದು ಬೆಳಕಿಗೆ ಬಂದದ್ದು 2006ರಲ್ಲಿ. ಕೊಲಿಬ್ಯಾಕ್ಟಿನ್ ಪ್ರೋಟೀನ್ ಅಲ್ಲ, ಒಂದು ಚಿಕ್ಕ ಅಣು. ಅದು ನಮ್ಮ ಡಿಎನ್‌ಎಯ ಎರಡು ಎಳೆಗಳನ್ನು ಅಡ್ಡಡ್ಡ ಸೇರಿಸಿ ಕಟ್ಟಿಬಿಡುತ್ತದೆ. 2020ರಲ್ಲಿ ಪ್ರಯೋಗಾಲಯದಲ್ಲಿ ಬೆಳೆಸಿದ ಕರುಳಿನ ಜೀವಕೋಶಗಳಿಗೆ ಇದನ್ನು ತಾಗಿಸಿ, ಅದು ಬಿಟ್ಟುಹೋಗುವ ಗುರುತನ್ನು ಓದಿದರು. ಅದೇ ಗುರುತು ಕೆಲವು ಕರುಳಿನ ಕ್ಯಾನ್ಸರ್‌ಗಳಲ್ಲೂ ಇತ್ತು. 2025ರಲ್ಲಿ 11 ದೇಶಗಳ 981 ಕ್ಯಾನ್ಸರ್‌ಗಳ ಡಿಎನ್‌ಎ ಓದಿದ ಅಧ್ಯಯನ ಬಂತು. 70 ದಾಟಿದ ಮೇಲೆ ಕಾಯಿಲೆ ಬಂದವರಿಗಿಂತ 40ರೊಳಗೆ ಬಂದವರಲ್ಲಿ ಈ ಗುರುತುಗಳು ಸುಮಾರು 3.3 ಪಟ್ಟು ಹೆಚ್ಚು. ಇದು ಸಂಬಂಧ, ಇನ್ನೂ ಸಾಬೀತಾದ ಕಾರಣ ಅಲ್ಲ. ಆದರೂ ಕಡೆಗಣಿಸುವಂಥದ್ದಲ್ಲ.

ಉರಿಯೂತಕ್ಕೂ ಇದಕ್ಕೂ ಏನು ನಂಟು? 2012ರ ಒಂದು ಪ್ರಯೋಗದಲ್ಲಿ ಕರುಳಿನ ಉರಿಯೂತ ತಾನಾಗಿ ಬರುವ ಇಲಿಗಳಿಗೆ ಈ ಇ. ಕೋಲೈ ಕೊಟ್ಟರು. ಪಿಕೆಎಸ್ ಜೀನುಗಳನ್ನು ಕಿತ್ತುಹಾಕಿದ ತಳಿಯನ್ನೂ ಕೊಟ್ಟು ಹೋಲಿಸಿದರು. ಎರಡರಲ್ಲೂ ಉರಿಯೂತ ಒಂದೇ ಥರ ಇತ್ತು. ಗಡ್ಡೆಗಳು ಮಾತ್ರ ವಿಷದ ಜೀನ್ ಇಲ್ಲದಿದ್ದಾಗ ಕಡಿಮೆ. ಇಲ್ಲಿ ವಿಷ ಉರಿಯೂತವನ್ನು ಹುಟ್ಟಿಸಲಿಲ್ಲ. ಉರಿಯೂತ ತೆರೆದ ದಾರಿಯಲ್ಲಿ ವಿಷ ಜೀವಕೋಶದ ಹತ್ತಿರಕ್ಕೆ ಬಂತು.

ವ್ಯಂಗ್ಯ ಎಂದೆನಲ್ಲ. ಮೊದಲ ಮಹಾಯುದ್ಧದ ಸಮಯದಲ್ಲಿ, 1917ರಲ್ಲಿ, ಆಲ್ಫ್ರೆಡ್ ನಿಸ್ಲೆ ಎಂಬ ಜರ್ಮನ್ ವೈದ್ಯರು ಸುತ್ತಲಿನವರಿಗೆಲ್ಲ ಭೇದಿ ಆದರೂ ತಾನು ಗಟ್ಟಿಯಾಗಿದ್ದ ಒಬ್ಬ ಸೈನಿಕನ ಮಲದಿಂದ ಒಂದು ಇ. ಕೋಲೈ ತಳಿಯನ್ನು ಬೇರ್ಪಡಿಸಿದರು. ಅದು ಇವತ್ತಿಗೂ ಕೆಲವು ದೇಶಗಳಲ್ಲಿ ಪ್ರೋಬಯಾಟಿಕ್ ಆಗಿ, ಅಂದರೆ ಆರೋಗ್ಯಕ್ಕೆಂದು ನುಂಗುವ ಜೀವಂತ ಬ್ಯಾಕ್ಟೀರಿಯಾ ಆಗಿ, ಮಾರಾಟದಲ್ಲಿದೆ. ಅಲ್ಸರೇಟಿವ್ ಕೊಲೈಟಿಸ್ ಎಂಬ ದೊಡ್ಡ ಕರುಳಿನ ದೀರ್ಘಕಾಲದ ಉರಿಯೂತ ಮತ್ತೆ ಕೆರಳದಂತೆ ನೋಡಿಕೊಳ್ಳುವುದರಲ್ಲಿ ಅದು ಮೆಸಲಜೀನ್ ಔಷಧಿಗೆ ಸಮನಾಗಿ ನಿಂತಿದೆ ಎಂದು 2004ರ ಪ್ರಯೋಗ ಹೇಳಿತು. ಆ ನಿಸ್ಲೆ ತಳಿಯಲ್ಲೂ ಪಿಕೆಎಸ್ ಜೀನುಗಳು ಇವೆ! ಅದನ್ನು ಯಾವ ಪಟ್ಟಿಗೆ ಸೇರಿಸುತ್ತೀರಿ?

ಕ್ಲೆಬ್ಸಿಯೆಲ್ಲಾ ಆಕ್ಸಿಟೋಕಾ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಬಗ್ಗೆ ಎರಡೇ ಮಾತು. ಪೆನಿಸಿಲಿನ್ ಜಾತಿಯ ಔಷಧಿ ತೆಗೆದುಕೊಳ್ಳುವಾಗ ಕೆಲವರಿಗೆ ಇದ್ದಕ್ಕಿದ್ದಂತೆ ರಕ್ತಭೇದಿ ಆಗುತ್ತದೆ, ಸಿ. ಡಿಫ್ ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ. ಅಂಥ ಕೆಲವರಲ್ಲಿ ಕಾರಣ ಇದು ಎಂದು 2006ರಲ್ಲಿ ಗೊತ್ತಾಯಿತು. ಔಷಧಿ ನಿಲ್ಲಿಸಿದರೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಸರಿಹೋಗುತ್ತದೆ.

ಈಗ ಕಷ್ಟದ ಪ್ರಶ್ನೆ. ಕ್ರೋನ್ಸ್ ಕಾಯಿಲೆ, ಅಲ್ಸರೇಟಿವ್ ಕೊಲೈಟಿಸ್, ಇವು ವರ್ಷಗಟ್ಟಲೆ ಕಾಡುವ ಉರಿಯೂತಗಳು. ಇವುಗಳ ಹಿಂದೆಯೂ ವಿಷದ ಬ್ಯಾಕ್ಟೀರಿಯಾ ಇದೆಯೇ? ಒಂದೇ ಒಂದು ಆರೋಪಿ ಸಿಕ್ಕಿಲ್ಲ, ಸಿಗುತ್ತದೆ ಎಂದು ನನಗೆ ಅನಿಸುವುದೂ ಇಲ್ಲ. ಈ ಕಾಯಿಲೆ ಇರುವವರ ಕರುಳಿನಲ್ಲಿ ಇ. ಕೋಲೈ ಬಳಗ ಹೆಚ್ಚಾಗಿರುತ್ತದೆ ನಿಜ. ಆದರೆ ಅದು ಕಾರಣವೋ ಫಲವೋ? ಉರಿಯೂತ ಆದ ಕರುಳು ನೈಟ್ರಿಕ್ ಆಕ್ಸೈಡ್ ಬಿಡುತ್ತದೆ, ಅದರಿಂದ ನೈಟ್ರೇಟ್ ಆಗುತ್ತದೆ. ಆ ನೈಟ್ರೇಟನ್ನು ಉಸಿರಾಡಿ ಇ. ಕೋಲೈ ಬೆಳೆಯುತ್ತದೆ ಎಂದು 2013ರಲ್ಲಿ ಇಲಿಗಳಲ್ಲಿ ತೋರಿಸಿದರು. ಉಳಿದ ಹೆಚ್ಚಿನ ಬ್ಯಾಕ್ಟೀರಿಯಾಕ್ಕೆ ಆ ಶಕ್ತಿ ಇಲ್ಲ. ಹಾಗಾಗಿ ಉರಿಯೂತವೇ ಅದನ್ನು ಸಾಕುತ್ತದೆ. ಹಾಗೆ ಬೆಳೆದದ್ದು ಮತ್ತೆ ಉರಿಯೂತಕ್ಕೆ ತನ್ನ ಪಾಲು ಸೇರಿಸಬಹುದು.

2025ರ ಕೊನೆಯಲ್ಲಿ ಚೀನಾದಿಂದ ಬಂದ ಒಂದು ವರದಿ ಈ ಚರ್ಚೆಗೆ ಹೊಸ ಬಿಸಿ ತಂದಿದೆ. ಏರೋಮೊನಾಸ್ ಎಂಬ ಬ್ಯಾಕ್ಟೀರಿಯಾದ ಏರೋಲೈಸಿನ್ ಎಂಬ ವಿಷ ಜೀವಕೋಶದ ಪೊರೆಗೆ ತೂತು ಕೊರೆಯುವಂಥದ್ದು. ಕರುಳಿನ ಸಾಲಿನ ಕೆಳಗೆ ಕಾವಲಿಗೆ ಮ್ಯಾಕ್ರೋಫೇಜ್ ಎಂಬ ಕಣಗಳು ಇರುತ್ತವೆ. ಒಳಗೆ ನುಸುಳಿದ ಬ್ಯಾಕ್ಟೀರಿಯಾವನ್ನು ಅವು ಗದ್ದಲ ಇಲ್ಲದೆ ನುಂಗಿಬಿಡುತ್ತವೆ. ಈ ವಿಷ ಅವುಗಳನ್ನೇ ಕೊಲ್ಲುತ್ತದೆ ಎನ್ನುವುದು ವರದಿಯ ಸಾರ. ಅಲ್ಸರೇಟಿವ್ ಕೊಲೈಟಿಸ್ ಇರುವವರಲ್ಲಿ ಈ ಬ್ಯಾಕ್ಟೀರಿಯಾ ಆರೋಗ್ಯವಂತರಿಗಿಂತ ಬಹಳ ಹೆಚ್ಚು ಜನರಲ್ಲಿ ಸಿಕ್ಕಿದೆ. ವಿಷವನ್ನು ತಡೆದಾಗ ಇಲಿಗಳಲ್ಲಿ ಕಾಯಿಲೆ ತಗ್ಗಿದೆ. ಯೋಚನೆ ನನಗೆ ಇಷ್ಟವಾಯಿತು. ಆದರೆ ಬೇರೆ ದೇಶಗಳ ರೋಗಿಗಳಲ್ಲೂ ಹೀಗೇ ಕಾಣಬೇಕು, ಮನುಷ್ಯರಲ್ಲಿ ವಿಷ ತಡೆದು ಗುಣ ಕಾಣಬೇಕು. ಅಲ್ಲಿಯವರೆಗೆ ಯಾರೂ ತಮ್ಮ ಔಷಧಿ ಬದಲಿಸುವುದು ಬೇಡ.

ಇನ್ನು ನಿಮ್ಮ ಪ್ರಶ್ನೆಗಳು.

ಒಬ್ಬರು ಕೇಳಿದರು: ಭೇದಿಯಲ್ಲಿ ರಕ್ತ ಬಂದರೆ ತಕ್ಷಣ ಆಂಟಿಬಯಾಟಿಕ್ ತೆಗೆದುಕೊಳ್ಳಬೇಕಲ್ವಾ?

ನೀವಾಗಿ ತೆಗೆದುಕೊಳ್ಳಬೇಡಿ, ವೈದ್ಯರ ಹತ್ತಿರ ಹೋಗಿ. ಕಾರಣ ಹೇಳುತ್ತೇನೆ. ಕೆಲವು ಇ. ಕೋಲೈ ತಳಿಗಳು ಶಿಗಾ ವಿಷ ತಯಾರಿಸುತ್ತವೆ. ಆ ವಿಷದ ಜೀನ್ ಇರುವುದು ಬ್ಯಾಕ್ಟೀರಿಯಾದೊಳಗೆ ಅಡಗಿ ಕೂತ ಒಂದು ವೈರಸ್‌ನಲ್ಲಿ. ಕೆಲವು ಆಂಟಿಬಯಾಟಿಕ್‌ಗಳು ಬ್ಯಾಕ್ಟೀರಿಯಾದ ಡಿಎನ್‌ಎಗೆ ಪೆಟ್ಟು ಕೊಟ್ಟಾಗ ಆ ವೈರಸ್ ಎದ್ದು, ವಿಷ ಇನ್ನೂ ಜಾಸ್ತಿ ಬರುತ್ತದೆ. ಅದು ರಕ್ತಕ್ಕೆ ಸೇರಿ ಕಿಡ್ನಿ ಕೆಡಿಸಬಲ್ಲದು, ಮಕ್ಕಳಲ್ಲಿ ವಿಶೇಷವಾಗಿ. 2011ರಲ್ಲಿ ಜರ್ಮನಿಯಲ್ಲಿ ಇಂಥ ತಳಿ ಹರಡಿ 50ಕ್ಕೂ ಹೆಚ್ಚು ಜನ ಸತ್ತರು. ಆದರೆ ಶಿಗೆಲ್ಲಾ ಎಂಬ ಬೇರೆ ಬ್ಯಾಕ್ಟೀರಿಯಾದಿಂದ ಬರುವ ಆಮಶಂಕೆಯಲ್ಲಿ ಆಂಟಿಬಯಾಟಿಕ್ ಬೇಕಾಗಬಹುದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಭೇದಿ ಕಟ್ಟುವ ಲೋಪೆರಮೈಡ್ ಮಾತ್ರೆಯೂ ರಕ್ತ, ಜ್ವರ ಇರುವಾಗ ಬೇಡ. ವಿಷ ಒಳಗೇ ಉಳಿದುಬಿಡುತ್ತದೆ.

ಇನ್ನೊಬ್ಬರು: ಆಂಟಿಬಯಾಟಿಕ್ ಜೊತೆ ಪ್ರೋಬಯಾಟಿಕ್ ಮಾತ್ರೆ ತೆಗೆದುಕೊಂಡರೆ ಸಿ. ಡಿಫ್ ಬರುವುದಿಲ್ಲವೇ?

ಸಣ್ಣ ಪ್ರಯೋಗಗಳನ್ನೆಲ್ಲ ಒಟ್ಟು ಸೇರಿಸಿದಾಗ ಸ್ವಲ್ಪ ಲಾಭ ಕಾಣುತ್ತದೆ. ಆದರೆ 2013ರಲ್ಲಿ 65 ದಾಟಿದ ಸುಮಾರು 3000 ಜನರಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ ವ್ಯತ್ಯಾಸ ಸಿಗಲಿಲ್ಲ. ನಾನು ದುಡ್ಡು ಖರ್ಚು ಮಾಡುವುದಿಲ್ಲ. ಅದಕ್ಕಿಂತ, ನೆಗಡಿಗೆ ಆಂಟಿಬಯಾಟಿಕ್ ಕೇಳುವುದನ್ನು ನಿಲ್ಲಿಸಿದರೆ ಹೆಚ್ಚು ಉಪಯೋಗ.

ಮನೆಯಲ್ಲಿ ಒಬ್ಬರಿಗೆ ಸಿ. ಡಿಫ್ ಇದ್ದರೆ ಸ್ಯಾನಿಟೈಸರ್ ಸಾಕಾ ಅಂತ ಚೀಟಿ ಬಂದಿದೆ. ಸಾಲದು. ಬೀಜಕಣಗಳು ಆಲ್ಕೋಹಾಲ್‌ಗೆ ಸಾಯುವುದಿಲ್ಲ. ಸೋಪು ಮತ್ತು ನೀರಿನಿಂದ ಉಜ್ಜಿ ತೊಳೆಯಬೇಕು. ಶೌಚಾಲಯಕ್ಕೆ ಕ್ಲೋರಿನ್ ಇರುವ ಬ್ಲೀಚ್ ಬೇಕು.

ಕೊನೆಯ ಪ್ರಶ್ನೆ ಒಬ್ಬ ವಿದ್ಯಾರ್ಥಿನಿಯದು: ಬ್ಯಾಕ್ಟೀರಿಯಾವನ್ನು ಕೊಲ್ಲದೆ ಬರೀ ವಿಷವನ್ನು ತಡೆಯಲು ಆಗುವುದಿಲ್ಲವೇ?

ಅದನ್ನೇ ಮಾಡಿ ನೋಡಿದ್ದಾರಮ್ಮ. ಟಾಕ್ಸಿನ್ ಬಿ ವಿರುದ್ಧ ಬೆಜ್ಲೋಟಾಕ್ಸುಮ್ಯಾಬ್ ಎಂಬ ಪ್ರತಿಕಾಯದ ಚುಚ್ಚುಮದ್ದು 2016ರಲ್ಲಿ ಬಂತು. ಆಂಟಿಬಯಾಟಿಕ್ ಜೊತೆ ಅದನ್ನು ಕೊಟ್ಟಾಗ ಕಾಯಿಲೆ ಮರುಕಳಿಸುವುದು ಸುಮಾರು 27 ಶೇಕಡಾದಿಂದ 17 ಶೇಕಡಾಕ್ಕೆ ಇಳಿಯಿತು. 2025ರ ಆರಂಭದಲ್ಲಿ ಕಂಪನಿ ಅದರ ಮಾರಾಟ ನಿಲ್ಲಿಸಿತು. ಎರಡೂ ವಿಷಗಳ ಹಲ್ಲು ಕಿತ್ತ ರೂಪ ಬಳಸಿ ಲಸಿಕೆಯನ್ನೂ ಮಾಡಿದರು. ಫೈಜರ್ ಕಂಪನಿಯ ಅಂಥ ಲಸಿಕೆಯ ದೊಡ್ಡ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಸೋಂಕು ಬರದಂತೆ ತಡೆಯುವ ಮುಖ್ಯ ಗುರಿಯನ್ನು ಅದು ಮುಟ್ಟಲಿಲ್ಲ. ಆದರೆ ಲಸಿಕೆ ಪಡೆದವರಲ್ಲಿ ಭೇದಿ ಬಂದರೂ ಬೇಗ ಮುಗಿಯಿತು. ಸಿ. ಡಿಫ್‌ಗಾಗಿ ವೈದ್ಯರ ಬಳಿ ಹೋಗಬೇಕಾದವರು ಲಸಿಕೆ ಇಲ್ಲದ ಗುಂಪಿನಲ್ಲಿ 11 ಜನ. ಲಸಿಕೆ ಪಡೆದ ಗುಂಪಿನಲ್ಲಿ ಒಬ್ಬರೂ ಇಲ್ಲ. ಬ್ಯಾಕ್ಟೀರಿಯಾ ಬಂತು, ಬೆಳೆಯಿತು, ಕೆರಳಿಸಲು ಮಾತ್ರ ಅಷ್ಟಾಗಿ ಆಗಲಿಲ್ಲ. ಇಂಥ ಲಸಿಕೆಯನ್ನು ಸೋತಿತು ಎನ್ನಬೇಕೋ ಗೆದ್ದಿತು ಎನ್ನಬೇಕೋ ಎಂದು ತಜ್ಞರು ಈಗಲೂ ವಾದ ಮಾಡುತ್ತಾರೆ. ನನ್ನನ್ನು ಕೇಳಿದರೆ, ಮುಂದಿನ ಪ್ರಯೋಗದಲ್ಲಿ ಎಷ್ಟು ಜನರಿಗೆ ಸೋಂಕು ಬಂತು ಎಂದು ಎಣಿಸುವ ಬದಲು ಎಷ್ಟು ಜನ ಆಸ್ಪತ್ರೆ ಸೇರಿದರು ಎಂದು ಎಣಿಸಬೇಕು.